ಹನ್ನೆರಡನೆಯ ತುಂಡು

ಹೋದ ತಿಂಗಳು ನಮ್ಮ ಶಾಲೆಯ ಹುಡುಗಿಯರ ಕಬಡ್ಡಿ ತಂಡವನ್ನು ಕರೆದುಕೊಂಡು ಜಯಪುರದಿಂದ ನರಸಿಂಹರಾಜಪುರಕ್ಕೆ ಹೊರಟಿದ್ದೆ. ಕೊಪ್ಪದಲ್ಲಿ ಬಸ್ಸು ಬದಲಿಸಿ, ಎಲ್ಲರ ತಲೆ ಎಣಿಸಿ, ಕಿಟಕಿ ಪಕ್ಕ ಕೂತೆ. ಅರ್ಧ ದಾರಿಯಲ್ಲಿ ಹಿರಿಯರೊಬ್ಬರು ರಬ್ಬರ್ ಶೀಟಿನ ಕಟ್ಟನ್ನು ಹೆಗಲ ಮೇಲೆ ಹೊತ್ತು ಹತ್ತಿದರು. ಒಣಗಿಸುವ ಹೊಗೆಗೂಡಿನಿಂದ ಆಗಷ್ಟೇ ತೆಗೆದ ಶೀಟು. ಬಸ್ಸು ತುಂಬ ಹುಳಿ ಬೆರೆತ ಹೊಗೆ ವಾಸನೆ.

“ಲಗೇಜ್ ಟಿಕೆಟ್ ತಗಳ್ಳಿ ಮಾರಾಯ್ರೆ,” ಅಂದ ಕಂಡಕ್ಟರ್. “ಬಸ್ಸಿಗೇ ಹೊಗೆ ಹಾಕಿದ್ರಲ್ಲ.”

ನನ್ನ ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. “ಎಂತ ಮೇಡಂ ಇದು, ಈ ನಾತ?” ಅಂತ ಒಬ್ಬಳು ಕೇಳಿದಳು.

“ನಮ್ಮೂರು,” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಊರಿನ ಹತ್ತಾರು ವರ್ಷಗಳೇನೂ ನೆನಪಾಗುವುದಿಲ್ಲ. ಒಂದೇ ಒಂದು ವರ್ಷ ನೆನಪಾಗುತ್ತದೆ. ನನ್ನ ಬಿ.ಎ. ಮುಗಿದ ವರ್ಷ. ನಮ್ಮ ಚರ್ಚು ಒಡೆದ ವರ್ಷ.

ನಮ್ಮಜ್ಜ ಕೇರಳದಿಂದ ರಬ್ಬರ್ ಟ್ಯಾಪಿಂಗ್ ಕೆಲಸಕ್ಕೆ ಬಂದವನು. ನರಸಿಂಹರಾಜಪುರದಿಂದ ಒಂದಷ್ಟು ಒಳಗೆ, ಭದ್ರಾ ಹಿನ್ನೀರು ಎರಡು ಗುಡ್ಡಗಳ ನಡುವೆ ನುಗ್ಗಿಕೊಂಡಿರುವ ಕಡೆ ನಮ್ಮೂರು. ಬೇಸಿಗೆಯಲ್ಲಿ ನೀರು ಇಳಿದು ಬಯಲಾಗುತ್ತದೆ, ದನ ಮೇಯುತ್ತವೆ, ಈ ದಡದಿಂದ ಆ ದಡಕ್ಕೆ ನಡೆದೇ ಹೋಗಬಹುದು. ಮಳೆ ಹಿಡಿದರೆ ದೋಣಿಯೇ ಗತಿ. ಅರ್ಧ ವರ್ಷ ಒಂದೇ ಊರು, ಇನ್ನರ್ಧ ವರ್ಷ ಎರಡೂರು. ಈಚೆ ದಡದಲ್ಲಿ ರಸ್ತೆ, ಅಂಗಡಿ, ಸ್ವಂತ ತೋಟದವರ ಮನೆಗಳು, ನಮ್ಮ ಚರ್ಚು. ಆಚೆ ದಡದಲ್ಲಿ ಟ್ಯಾಪಿಂಗ್‌ನವರು, ಕೂಲಿಯವರು, ಚೂರುಪಾರು ಜಮೀನಿನವರು. ಮನೆಗಳ ಲೆಕ್ಕ ಹಿಡಿದರೆ ಆಚೆಯವರೇ ಹೆಚ್ಚು.

ನಾವು ಆಚೆಯವರು. ಆದರೆ ಇದ್ದದ್ದು ಈಚೆ. ಯಾಕೆಂದರೆ ಅಪ್ಪಚ್ಚನ್, ಅಂದರೆ ನಮ್ಮಪ್ಪ ಔಸೇಪ್, ಚರ್ಚಿನ ಕಪ್ಯಾರ್ ಆಗಿದ್ದರು. ಗಂಟೆ ಹೊಡೆಯುವುದು, ದೀಪ ಹಚ್ಚುವುದು, ಪೂಜೆಯ ಪಾತ್ರೆ ತೊಳೆಯುವುದು, ಯಾರಾದರೂ ಸತ್ತರೆ ಗುಂಡಿ ತೋಡುವುದು, ಎಲ್ಲ ಕಪ್ಯಾರನ ಕೆಲಸ. ಚರ್ಚಿನ ಹಿಂದೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ನಮ್ಮದು ಅಂತ ಒಂದು ಹಿಡಿ ನೆಲ ಎಲ್ಲೂ ಇರಲಿಲ್ಲ.

ಆ ಮನೆಯಿಂದಲೇ ನಾನು ಕೊಪ್ಪಕ್ಕೆ ಮೂರು ವರ್ಷ ಕಾಲೇಜಿಗೆ ಹೋದೆ. ಎರಡು ಚೂಡಿದಾರ, ಒಂದು ಕೊಡೆ, ಬೆಳಗ್ಗೆ ಮೊದಲ ಬಸ್ಸು. ಕರೆಂಟು ಹೋದಾಗ ಚರ್ಚಿನ ಮೇಣದ ಚೂರುಗಳನ್ನು ಕರಗಿಸಿ ಮಾಡಿದ ದೀಪದಲ್ಲಿ ಓದಿದೆ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳೋಕೆ ನನಗೆ ನಾಚಿಕೆಯಿಲ್ಲ. ಆ ವರ್ಷವಂತೂ ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ನಾವು ಆಡುವುದು ಮಲಯಾಳ. ನಾನು ಓದಿದ್ದು, ಯೋಚಿಸುವುದು ಕನ್ನಡದಲ್ಲಾದ್ದರಿಂದ ಎಲ್ಲರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಮ್ಮಚ್ಚಿ, ಅಂದರೆ ನಮ್ಮಮ್ಮ, ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡಿದ್ದಳು. ಜುಲೈ ತಿಂಗಳ ಸಾವು. ನಮ್ಮ ಕಡೆ ಮಳೆಗಾಲದಲ್ಲಿ ಗುಂಡಿ ತೋಡುವುದೆಂದರೆ ಬಾವಿ ತೋಡಿದ ಹಾಗೆ. ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ಒರತೆ ಒಡೆಯುತ್ತದೆ, ಬದಿ ಕುಸಿಯುತ್ತದೆ. ಅಪ್ಪಚ್ಚನ್ ಇಡೀ ಸ್ಮಶಾನ ಹುಡುಕಿ ಮೇಲ್ಮೂಲೆಯಲ್ಲಿ, ಕೆಳಗೆ ಕಲ್ಲು ಹಾಸಿದ್ದು ಪಕ್ಕದ ಇಳಿಜಾರಿಗೆ ನೀರು ಬಿಡುವಂಥ ಒಂದು ತುಂಡು ನೆಲ ಕಂಡುಕೊಂಡಿದ್ದರು. ಅಲ್ಲಿ ಎರಡು ಗುಂಡಿಗಾಗುವಷ್ಟೇ ಜಾಗ. ಒಂದರಲ್ಲಿ ಅಮ್ಮಚ್ಚಿ. ಇನ್ನೊಂದರ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿದ್ದರು. ಅದು ಯಾರಿಗೆ ಅಂತ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಚರ್ಚಿನ ಟ್ರಸ್ಟಿ ವರ್ಕಿಚ್ಚನ್ ಅಂತ. ಈಚೆ ದಡದ ದೊಡ್ಡ ತೋಟದವರು. ಚರ್ಚು ಕಟ್ಟಿಸಿದ್ದೂ ಅವರೇ, ಪಕ್ಕದಲ್ಲಿ ಮದುವೆ ಸಮಾರಂಭಕ್ಕಾಗುವಂಥ ಹಾಲ್ ಶುರು ಮಾಡಿದ್ದೂ ಅವರೇ. ಹಾಲ್ ಕೆಲಸಕ್ಕೆ ಪ್ರತಿ ಮನೆಯಿಂದ ವಾರಕ್ಕೊಂದು ದಿನ ಒಬ್ಬರು ಬರಬೇಕು ಅಂತ ಕಟ್ಟು ಮಾಡಿದ್ದರು. ಶ್ರಮದಾನ ಅನ್ನುತ್ತಿದ್ದರು. ಆಚೆಯವರು ಕಲ್ಲು ಹೊರುತ್ತಿದ್ದರು, ಮರಳು ಜರಡಿ ಹಿಡಿಯುತ್ತಿದ್ದರು. ಈಚೆಯವರು ತಮ್ಮ ಬದಲಿಗೆ ಕೂಲಿಯವರನ್ನು ಕಳಿಸುತ್ತಿದ್ದರು. ಆ ಕೂಲಿಯವರೂ ಆಚೆಯವರೇ. ಆಚೆಯವರ ಕೆಲಸ ನೋಡಿಕೊಳ್ಳಲು ತೊಮ್ಮಿಚ್ಚ ಅನ್ನುವ ಮೇಸ್ತ್ರಿಯನ್ನು ವರ್ಕಿಚ್ಚನ್ನೇ ನೇಮಿಸಿದ್ದರು. ಗಟ್ಟಿ ಆಳು, ಮಾತಿನಲ್ಲೂ ಗಟ್ಟಿ. ಆ ವರ್ಷ ಜನವರಿಯಲ್ಲಿ ವರ್ಕಿಚ್ಚನ್‌ಗೆ ಲಕ್ವ ಹೊಡೆಯಿತು. ಅವರ ಜಾಗಕ್ಕೆ ಮಗ ಬಿನೋಯ್ ಬಂದ.

ಪಾದ್ರಿಗಳು ಆಗ ಮೂರು ಚರ್ಚು ನೋಡಿಕೊಳ್ಳುತ್ತಿದ್ದರು. ಭಾನುವಾರ ಬಂದು ಪೂಜೆ ಮುಗಿಸಿ ಜೀಪು ಹತ್ತಿಬಿಡುವರು. ಉಳಿದದ್ದೆಲ್ಲ ಬಿನೋಯಿಯದೇ.

ಏಪ್ರಿಲ್ ಕೊನೆಯ ಒಂದು ಭಾನುವಾರ ತೊಮ್ಮಿಚ್ಚ ಆಚೆಯ ಹತ್ತು ಹದಿನೈದು ಗಂಡಸರನ್ನು ಕರೆದುಕೊಂಡು ಬಂದ. “ಜೂನ್‌ನಿಂದ ಮಳೆ. ದೋಣಿಯಲ್ಲಿ ಬಂದು ನೆಂದು ಕಲ್ಲು ಹೊರೋದು ಆಗಲ್ಲ. ಮಳೆಗಾಲದ ತಿಂಗಳು ಶ್ರಮದಾನ ಬಿಡಿ. ದೀಪಾವಳಿ ಕಳೆದ ಮೇಲೆ ಮತ್ತೆ ಬರ್ತೀವಿ,” ಅಂತ ಕೇಳಿದ. ಬಿನೋಯ್ ಯೋಚಿಸಿ ಮುಂದಿನ ಭಾನುವಾರ ಹೇಳುತ್ತೇನೆ ಅಂದ.

ಆ ಮುಂದಿನ ಭಾನುವಾರ ನಾನು ಮಾಡಿದ ತಪ್ಪನ್ನು ಹೇಳಬೇಕು.

ಪೂಜೆ ಮುಗಿದ ಮೇಲೆ ದೊಡ್ಡ ಮಕ್ಕಳಿಗೆ ವೇದಪಾಠ ಹೇಳುವ ಕೆಲಸ ನನ್ನದು. ಆ ವಾರದ ಪಾಠ ಇಸ್ರಾಯೇಲರ ರಾಜ್ಯ ಇಬ್ಭಾಗವಾದದ್ದು. ಸೊಲೊಮೋನ ಸತ್ತ. ಗುಡಿ ಕಟ್ಟಲು, ಅರಮನೆ ಕಟ್ಟಲು ಅವನು ಜನರನ್ನು ಪಾಳಿ ಮೇಲೆ ಬಿಟ್ಟಿ ದುಡಿಸಿದ್ದ. ಮಗ ರೆಹಬ್ಬಾಮ ಪಟ್ಟಕ್ಕೆ ಬಂದಾಗ ಜನ ಬಂದು ಹೊರೆ ಇಳಿಸು ಅಂತ ಕೇಳಿದರು. ಅವನು ಮೂರು ದಿನ ಬಿಟ್ಟು ಬನ್ನಿ ಅಂದ. ವಯಸ್ಸಾದವರು ಇಳಿಸು ಅಂದರು, ಜೊತೆಯಲ್ಲಿ ಆಡಿ ಬೆಳೆದವರು ಇನ್ನೂ ಬಿಗಿ ಮಾಡು ಅಂದರು. ಅವನು ಬಿಗಿ ಮಾಡಿದ. ಹನ್ನೆರಡು ಕುಲಗಳಲ್ಲಿ ಹತ್ತು ಎದ್ದು ಹೋದವು. ಅವರನ್ನು ಕರೆದುಕೊಂಡು ಹೋದವನು ಯಾರೊಬ್ಬಾಮ. ಮೊದಲು ಸೊಲೊಮೋನನ ಕೈಕೆಳಗೆ ಬಿಟ್ಟಿಯಾಳುಗಳ ಮೇಲ್ವಿಚಾರಣೆಗೆ ಇದ್ದವನು.

“ನಮ್ಮ ಹಾಲ್ ಥರ,” ಅಂತ ಒಬ್ಬಳು ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ಯಾರೊಬ್ಬಾಮನಿಗೆ ಮೊದಲೇ ಒಬ್ಬ ಪ್ರವಾದಿ ದಾರಿಯಲ್ಲಿ ಸಿಕ್ಕಿ, ತನ್ನ ಹೊಸ ಹೊದಿಕೆಯನ್ನು ಹನ್ನೆರಡು ತುಂಡಾಗಿ ಹರಿದು, ಹತ್ತು ನೀನು ತಗೋ, ಸೊಲೊಮೋನನ ಅಪ್ಪ ದಾವೀದನ ಮನೆಗೆ ಒಂದು ಉಳಿಯುತ್ತೆ ಅಂತ ಹೇಳಿದ ಕಥೆ ಇದೆ. ಮಕ್ಕಳಿಗೆ ಕಣ್ಣಿಗೆ ಕಾಣುವ ಹಾಗೆ ಪಾಠ ಮಾಡಬೇಕು ಅಂತ ನಾನು ಕಾಲೇಜಿನಲ್ಲಿ ಕಲಿತಿದ್ದೆ. ಮನೆಯಿಂದ ಅಮ್ಮಚ್ಚಿಯ ಕವಣಿ ತಂದಿದ್ದೆ. ಕವಣಿ ಅಂದರೆ ಚರ್ಚಿಗೆ ಹೋಗುವಾಗ ನಮ್ಮ ಹೆಂಗಸರು ಹೆಗಲ ಮೇಲೆ ಹೊದೆಯುವ ಬಿಳಿ ಬಟ್ಟೆ. ಅವಳದ್ದು ಅಂತ ಗೊತ್ತಿದ್ದೇ ತಂದೆ. ಹಳೇ ಬಟ್ಟೆ, ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದೆ, ಪಾಠಕ್ಕಾದರೂ ಬರಲಿ ಅನ್ನುವ ಲೆಕ್ಕಾಚಾರ.

ತರಗತಿಯಲ್ಲಿ ಹನ್ನೊಂದು ಮಕ್ಕಳು. ಹತ್ತು ಜನ ಆಚೆಯವರು. ಈಚೆ ಮನೆಗಳ ಮಕ್ಕಳು ದೂರದ ಹಾಸ್ಟೆಲ್ಲುಗಳಲ್ಲಿ ಓದುತ್ತಿದ್ದರು, ರಜೆಗೆ ಕೇರಳದ ನೆಂಟರ ಮನೆಗಳಿಗೆ ಹೋಗಿದ್ದರು, ಊರಲ್ಲಿದ್ದವಳು ಜಿನ್ಸಿ ಒಬ್ಬಳೇ. ಬಿನೋಯಿಯ ಅಕ್ಕನ ಮಗಳು. ಹತ್ತು, ಒಂದು. ಇಷ್ಟು ಚೆಂದ ಕೂಡಿ ಬಂದದ್ದನ್ನು ಹೊಸ ಟೀಚರ್ ಬಿಟ್ಟಾಳೆಯೇ? ಚರ್ರನೆ ಹರಿದೆ. ಆಚೆಯ ಹತ್ತು ಮಕ್ಕಳಿಗೆ ಹತ್ತು ತುಂಡು ಕೊಟ್ಟೆ. ಜಿನ್ಸಿಗೆ ಒಂದು.

ಜಿನ್ಸಿ ತನ್ನ ತುಂಡನ್ನು ತಿರುಗಿಸಿ ನೋಡಿದಳು. “ಟೀಚರ್, ಹನ್ನೆರಡು ಮಾಡಿದ್ರಿ. ಅವ್ರಿಗೆ ಹತ್ತು. ನಂಗೆ ಒಂದು. ನಿಮ್ಮ ಕೈಯಲ್ಲಿರೋದು ಯಾರ್ದು?”

ನನ್ನ ಕೈ ನೋಡಿಕೊಂಡೆ. ಹೌದು, ಒಂದು ಉಳಿದಿತ್ತು. ಪುಸ್ತಕದಲ್ಲಿ ಅದರ ಮಾತೇ ಇರಲಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. “ಮುಂದಿನ ಭಾನುವಾರ ಹೇಳ್ತೀನಿ,” ಅಂದೆ.

ಹೊರಗೆ ಹಾಲ್‌ನ ಅರೆಗೋಡೆಯ ಹತ್ತಿರ ದೊಡ್ಡವರು ಸೇರಿದ್ದರು. ಇಬ್ಬರು ಹಿರಿಯರು ಬಿನೋಯಿಗೆ ತಿಳಿಹೇಳುತ್ತಿದ್ದರು. “ಮಳೆಗಾಲ ಬಿಟ್ಟುಬಿಡಪ್ಪ. ಹಾಲ್ ಎಲ್ಲಿಗೂ ಓಡಿ ಹೋಗಲ್ಲ.” ಅವನು ತಲೆ ಆಡಿಸುತ್ತಿದ್ದ. ನಾನು ನೋಡಿದ್ದೇನೆ, ಆಡಿಸುತ್ತಿದ್ದ. ಅಷ್ಟರಲ್ಲಿ ನನ್ನ ಮಕ್ಕಳು ಹೊರಗೆ ಬಂದರು. ಒಬ್ಬಳು ತುಂಡನ್ನು ತಲೆಗೆ ಕಟ್ಟಿದ್ದಳು, ಇನ್ನೊಬ್ಬ ಕೋಲಿಗೆ ಸಿಕ್ಕಿಸಿ ಬಾವುಟ ಮಾಡಿದ್ದ. “ನಮಗೆ ಹತ್ತು, ನಮಗೆ ಹತ್ತು” ಅಂತ ಕೂಗಿಕೊಂಡು ಅಪ್ಪಂದಿರ ಕಡೆ ಓಡಿದರು. ಜಿನ್ಸಿ ಮಾವನ ಹತ್ತಿರ ಹೋಗಿ ಅಳುಮುಖ ಮಾಡಿ, “ನಂಗೆ ಒಂದೇ ಕೊಟ್ರು,” ಅಂದಳು.

“ಏನದು?” ಅಂದ ಬಿನೋಯ್.

ಮಕ್ಕಳು ಹೇಳಿದರು. ಮಕ್ಕಳು ಹೇಳಿದರೆ ಹೇಗಿರುತ್ತದೋ ಹಾಗೆ.

ಬೈಕುಗಳ ಹತ್ತಿರ ನಿಂತಿದ್ದ ಅವನ ಸ್ನೇಹಿತರಲ್ಲಿ ಒಬ್ಬ ಗಟ್ಟಿಯಾಗಿ ನಕ್ಕ. “ಕಪ್ಯಾರನ ಮಗಳು ಪಾಲು ಮಾಡಿ ಮುಗ್ಸಿದಾಳೆ ಬಿಡೋ. ನೀನ್ಯಾಕೆ ಇನ್ನೂ ಯೋಚ್ನೆ ಮಾಡ್ತಿದೀಯ?”

ಬಿನೋಯಿಯ ಮುಖ ಬದಲಾಯಿತು. ನನ್ನ ಕಡೆ ನೋಡಲಿಲ್ಲ. ತೊಮ್ಮಿಚ್ಚನ ಕಡೆ ನೋಡಿ ಹೇಳಿದ, “ಅಪ್ಪ ವಾರಕ್ಕೆ ಒಂದು ದಿನ ಕೇಳ್ತಿದ್ರು. ನಾನು ಎರಡು ಕೇಳ್ತೀನಿ. ಮಳೆಗೆ ಮುಂಚೆ ಹಾಲ್ ಮುಗೀಬೇಕು.”

ತೊಮ್ಮಿಚ್ಚ ಎದ್ದ. ಪಂಚೆ ಕೊಡವಿ ಮಡಿಚಿ ಕಟ್ಟಿದ. “ಬನ್ರೋ, ಮನೆಗೆ ಹೋಗಣ. ಅವರ ಚರ್ಚು ಅವರು ನೋಡ್ಕಳ್ಲಿ.”

ಆಗಷ್ಟೇ ಹೇಳಿಕೊಟ್ಟ ಪಾಠದಲ್ಲೂ ಆ ಜನ ಹೆಚ್ಚು ಕಡಿಮೆ ಇದೇ ಮಾತು ಹೇಳಿ ಎದ್ದು ಹೋಗಿದ್ದರು. ಹೆಂಗಸರು, ಮಕ್ಕಳು ಎಲ್ಲ ಅವನ ಹಿಂದೆ ಇಳಿದರು. ನೀರು ಬತ್ತಿದ್ದರಿಂದ ಬಯಲಿನಲ್ಲಿ ನಡೆದೇ ಹೋದರು. ಅವರು ನಡುವೆ ಇದ್ದಾಗ ಹನ್ನೆರಡು ಗಂಟೆಯಾಯಿತು. ಅಪ್ಪಚ್ಚನ್ ಎಂದಿನಂತೆ ಹೋಗಿ ಗಂಟೆ ಹೊಡೆದರು. ಅಷ್ಟು ಜನವೂ ಅಭ್ಯಾಸದಿಂದ ನಿಂತಲ್ಲೇ ನಿಂತು, ತಿರುಗಿ, ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ಮತ್ತೆ ಆಚೆಗೆ ನಡೆದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಉಳಿದ ತುಂಡು ಕಿಟಕಿಯ ಮೇಲಿತ್ತು. ಅಪ್ಪಚ್ಚನ್ ಅದನ್ನು ತೆಗೆದುಕೊಂಡು ಅಂಚಿನ ಗೆರೆ ಮುಟ್ಟಿ ನೋಡಿದರು.

“ಅವಳದ್ದು,” ಅಂದರು.

“ಹೂಂ,” ಅಂದೆ. “ನನ್ನಿಂದಲೇ ಒಡೀತಾ?”

“ಬಟ್ಟೆ ಹರೀದೇ ಇದ್ರೂ ಒಡೀತಿತ್ತು. ಇವತ್ತು ಒಡೀತಿರ್ಲಿಲ್ಲ, ಅಷ್ಟೆ.”

ಮರಗೆಣಸು ಕಲಸುತ್ತಾ ಹೇಳಿದರು, “ಜಿನ್ಸಿ ಕೇಳಿದ್ದು ಸರಿಯಾಗೇ ಇದೆ. ಈ ತುಂಡು ಗುಡಿಯಲ್ಲಿ ಪೂಜೆ ಪೀಠದ ಕೆಲಸದವರ ಕುಲದ್ದು. ಅವರಿಗೆ ಜಮೀನು ಕೊಟ್ಟಿರಲಿಲ್ಲ. ಹಂಚೋವಾಗ ಅವರು ಯಾವ ಲೆಕ್ಕಕ್ಕೂ ಬರಲ್ಲ.”

“ನಿಮಗೆ ಹೇಗೆ ಗೊತ್ತು?”

“ಮೂವತ್ತು ವರ್ಷ ಬಾಗಿಲ ಹಿಂದೆ ನಿಂತು ಪ್ರಸಂಗ ಕೇಳಿದೀನಿ.”

“ರಾಜ್ಯ ಒಡೆದ ಮೇಲೆ ಅವರೆಲ್ಲಿ ಹೋದರು?”

“ಹಳೇ ಗುಡಿ ಹತ್ರಕ್ಕೇ ಹೋದ್ರು. ಇನ್ನೆಲ್ಲಿ ಹೋಗ್ತಾರೆ?”

ಆ ತುಂಡಿನ ಬಗ್ಗೆ ಪಂಡಿತರು ಬೇರೆ ಬೇರೆ ರೀತಿ ಹೇಳುತ್ತಾರೆ ಅಂತ ಮುಂದೆ ಓದಿದೆ. ಅಪ್ಪಚ್ಚನ್ ಹೇಳಿದ್ದು ಅವರ ಬಗ್ಗೆಯೇ ಅಂತ ಆಗ ನನಗೆ ಹೊಳೆಯಲಿಲ್ಲ. ಬಿ.ಎ. ಹಿಸ್ಟರಿಯಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು, ಆದರೂ ಹೊಳೆಯಲಿಲ್ಲ.

ಎರಡು ವಾರದೊಳಗೆ ಆಚೆ ದಡದಲ್ಲಿ ತಗಡಿನ ಶೆಡ್ಡು ಎದ್ದಿತು. ಬೇರೆ ಕಡೆಯಿಂದ ಪಾದ್ರಿ ಬರುವ ವ್ಯವಸ್ಥೆಯೂ ಆಯಿತು. ಈಚೆ ಚರ್ಚಿನ ಬಾಗಿಲ ಪಕ್ಕದ ಬೋರ್ಡಿಗೆ ಬಿನೋಯ್ ಒಂದು ಚೀಟಿ ಅಂಟಿಸಿದ. ಅಪ್ಪಚ್ಚನ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಆಚೆ ಚರ್ಚಿಗೆ ಸೇರಿದವರ ಹೆಸರು ಇಲ್ಲಿನ ಪುಸ್ತಕದಿಂದ ಹೊಡೆದು ಹಾಕಲಾಗುವುದು, ಅಂಥವರಿಗೆ ಇಲ್ಲಿನ ಸ್ಮಶಾನದಲ್ಲಿ ಹಕ್ಕಿರುವುದಿಲ್ಲ.

ಮಾರನೇ ದಿನವೇ ತೊಮ್ಮಿಚ್ಚ ಬಂದ. ಮನೆಯೊಳಗೆ ಬರಲಿಲ್ಲ, ಬೇಲಿಯ ಹೊರಗೇ ನಿಂತು ಚೇಟ್ಟಾ, ಅಂದರೆ ಅಣ್ಣಾ, ಅಂತ ಕರೆದ.

“ಔಸೇಪ್ ಚೇಟ್ಟಾ, ನೀವು ನಮ್ಮವರು. ನಮ್ಮ ಕಡೆ ಬನ್ನಿ. ಶೆಡ್ಡಿನ ಹಿಂದೆ ಐದು ಗುಂಟೆ ನಿಮ್ಮ ಹೆಸರಿಗೇ ಬರೆದು ಕೊಡ್ತೀವಿ. ಮನೆ ಎಲ್ಲ ಸೇರಿ ಕಟ್ಟಿಕೊಡ್ತೀವಿ.”

“ಗಂಟೆ ಹೊಡೆಯೋಕೆ ಯಾರಾದ್ರೂ ಆಗತ್ತಲ್ಲ,” ಅಂದರು ಅಪ್ಪಚ್ಚನ್.

“ಆಗಲ್ಲ. ನೀವು ಇಲ್ಲಿ ಹೊಡೀತಿದ್ರೆ ನಮ್ಮೋರ ಕಿವಿ ಈಚೆಗೇ ಇರತ್ತೆ. ಇವತ್ತು ಕಿವಿ ಬರತ್ತೆ, ನಾಳೆ ಕಾಲೂ ಬರತ್ತೆ.”

ಯಾರೊಬ್ಬಾಮನಿಗೂ ಇದೇ ಹೆದರಿಕೆ ಇತ್ತು. ಜನ ಹಬ್ಬಕ್ಕೆ ಅಂತ ಹಳೇ ಗುಡಿಗೆ ಹೋದರೆ ಮನಸ್ಸೂ ಅಲ್ಲೇ ಉಳಿದೀತು ಅಂತ ಅವನು ತನ್ನ ಗಡಿಯೊಳಗೇ ಬೇರೆ ಗುಡಿ ಮಾಡಿದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ದಿನ ಅಪ್ಪಚ್ಚನ್‌ನ ಬೆನ್ನು ಬಿಡಲಿಲ್ಲ.

ನನ್ನ ಆಸೆ ಏನಿತ್ತು ಅಂತ ಮುಚ್ಚಿಡುವುದಿಲ್ಲ. ಯಾವ ಅರ್ಜಿ ಬರೆದರೂ ಸ್ವಂತ ಮನೆ ಅನ್ನುವಲ್ಲಿ ಗೆರೆ ಎಳೆಯುತ್ತಿದ್ದೆ. ನನ್ನ ಪದವಿ ಪ್ರಮಾಣಪತ್ರವನ್ನು ನಮ್ಮದೇ ಗೋಡೆಯ ಮೇಲೆ ಮೊಳೆ ಹೊಡೆದು ತೂಗು ಹಾಕಬೇಕಿತ್ತು.

“ಅಮ್ಮಚ್ಚಿ ಇಲ್ಲಿದಾಳಲ್ಲ,” ಅಂದರು ಅಪ್ಪಚ್ಚನ್.

“ಇಲ್ಲಿರೋದು ಮಣ್ಣು ಅಪ್ಪಚ್ಚಾ. 'ಔಸೇಪ್, ನಾಳೆ ಮನೆ ಖಾಲಿ ಮಾಡು' ಅಂತ ಬಿನೋಯ್ ಹೇಳಿದ್ರೆ ಎಲ್ಲಿ ಹೋಗ್ತೀರ? ಸತ್ತ ಮೇಲೆ ಮಲಗೋ ಜಾಗಕ್ಕೋಸ್ಕರ ಬದುಕಿರೋವಷ್ಟು ದಿನ ಇನ್ನೊಬ್ಬರ ಗೋಡೆಗೆ ಒರಗಿಕೊಂಡಿರಬೇಕಾ?”

“ಓದಿದವಳು ನೀನು,” ಅಂದರು ಕೊನೆಗೆ. “ನೀನು ಹೇಳಿದ ಮೇಲೆ ಸರಿಯಾಗೇ ಇರತ್ತೆ.”

ಚುಚ್ಚಿ ಹೇಳಿದ್ದಲ್ಲ. ನಂಬಿ ಹೇಳಿದ್ದು. ಚುಚ್ಚಿದ್ದರೆ ಇಷ್ಟು ವರ್ಷಕ್ಕೆ ಮರೆಯುತ್ತಿದ್ದೆನೇನೋ.

ಜೂನ್ ಮೊದಲ ವಾರ, ನೀರು ಏರುವ ಮೊದಲು, ಎರಡು ಪೆಟ್ಟಿಗೆ, ಪಾತ್ರೆ, ನಾಲ್ಕು ಕೋಳಿ, ಹಾರೆ ಗುದ್ದಲಿ ಹೊತ್ತು ಬಯಲು ದಾಟಿದೆವು. ಹೊರಡುವ ಮುಂಚೆ ಅಪ್ಪಚ್ಚನ್ ಸ್ಮಶಾನಕ್ಕೆ ಹೋಗಿ ಬಂದರು. ಏನು ಮಾಡಿದಿರಿ ಅಂತ ಕೇಳಿದೆ. “ಕಳೆ ಕಿತ್ತೆ,” ಅಂದರು.

ಆಚೆ ಗಂಟೆ ಇರಲಿಲ್ಲ. ರೈಲು ಕಂಬಿಯ ತುಂಡೊಂದನ್ನು ಮರಕ್ಕೆ ತೂಗುಹಾಕಿದ್ದರು. ಅದಕ್ಕೆ ಸುತ್ತಿಗೆಯಲ್ಲಿ ಹೊಡೆಯಬೇಕು. ಅಪ್ಪಚ್ಚನ್ ಹೊಡೆದರೆ ಅದರಲ್ಲೂ ಒಂದು ಲಯ ಬರುತ್ತಿತ್ತು. ಈಚೆ ದಡದಲ್ಲಿ ಯಾರೋ ಗಂಟೆಯ ಹಗ್ಗವನ್ನು ಎಳೆದೆಳೆದು ಬಿಡುವುದು ಕೇಳುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಅಪ್ಪಚ್ಚನ್ ಮುಖ ಹಿಂಡುತ್ತಿದ್ದರು. “ಹಗ್ಗ ಬಿಟ್ಟು ಹಿಡೀಬೇಕು. ಹೇಳಿಕೊಡೋರಿಲ್ಲ,” ಅನ್ನುತ್ತಿದ್ದರು. ತೊಮ್ಮಿಚ್ಚನ ಮಾತು ಸುಳ್ಳಾಗಿತ್ತು. ಬೇರೆಯವರ ಕಿವಿ ಹಳೇ ಗಂಟೆ ಬಿಟ್ಟು ಬಂತೋ ಏನೋ, ಕಪ್ಯಾರನ ಕಿವಿ ಮಾತ್ರ ಆ ದಡದಲ್ಲೇ ಉಳಿದಿತ್ತು.

ಮಳೆ ಹಿಡಿಯಿತು. ಹಿನ್ನೀರು ತುಂಬಿತು. ಶೀಟು ಒಣಗದೆ ಎಲ್ಲರ ಮನೆ ಹೊಗೆಗೂಡೂ ಹಗಲಿಡೀ ಹೊಗೆಯಾಡುತ್ತಿತ್ತು. ಆ ಹೊಗೆ ಮೇಲೇರದೆ ಮಳೆಯ ಕೆಳಗೆ ನೀರಿನ ಮೇಲೆ ಹಾಸಿಕೊಂಡಿರುತ್ತಿತ್ತು. ಆಚೆಗೆ ಯಾರೂ ದಾಟುತ್ತಿರಲಿಲ್ಲ, ಈಚೆಗೆ ಯಾರೂ ಬರುತ್ತಿರಲಿಲ್ಲ.

ಜುಲೈ ನಡುವಿನ ಒಂದು ಮಧ್ಯಾಹ್ನ ದೋಣಿಯ ನಾಗಪ್ಪಣ್ಣ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು ಬಂದು ಜಗಲಿಯಲ್ಲಿ ನಿಂತ.

“ಔಸೇಪಣ್ಣ, ವರ್ಕಿ ಸಾಹುಕಾರ್ರು ನಿನ್ನೆ ಹೋದ್ರಂತೆ. ಎರಡು ಕಡೆ ಗುಂಡಿ ತೋಡ್ಸಿದ್ರು. ಒಂದ್ರಲ್ಲಿ ಮಂಡಿವರೆಗೆ ನೀರು, ಇನ್ನೊಂದು ಕುಸಿದೇ ಹೋತು. ಆ ಬಿನೋಯಿ ನನ್ ದೋಣಿ ತನಕ ಬಂದು ನಿಂತಿದಾನೆ ಮಾರಾಯ. ಹೋಗಿ ಹೇಳು ಅಂದ. ಎಂತ ಹೇಳ್ಬೇಕು ಅಂತ ಮಾತ್ರ ಹೇಳ್ಲಿಲ್ಲ.”

ತೊಮ್ಮಿಚ್ಚನಿಗೆ ಸುದ್ದಿ ಮುಟ್ಟಿ ಅವನೂ ಬಂದ. “ಹೋಗ್ಬೇಡಿ ಚೇಟ್ಟಾ. ಬೋರ್ಡಲ್ಲಿ ಬರೆದು ಹಾಕಿದಾರಲ್ಲ, ಅವರೇ ಅಗೆದುಕೊಳ್ಳಲಿ.”

ಅಪ್ಪಚ್ಚನ್ ಹಾರೆ ತೆಗೆದುಕೊಂಡರು. “ಬೋರ್ಡು ಬಿನೋಯಿದು. ಸತ್ತಿರೋದು ವರ್ಕಿಚ್ಚನ್.”

ನಾನೂ ಜೊತೆಗೆ ಹೋದೆ. ಸ್ಮಶಾನದಲ್ಲಿ ಬಿನೋಯ್ ಕೊಡೆ ಹಿಡಿದು ದೂರದಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. ಅಪ್ಪನ ದೇಹ ಮನೆಯಲ್ಲಿ ಐಸಿನ ಪೆಟ್ಟಿಗೆಯಲ್ಲಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅಪ್ಪಚ್ಚನ್ ಅವನನ್ನು ಮಾತಾಡಿಸಲಿಲ್ಲ. ನಡೆಯುತ್ತಾ ಅಲ್ಲಲ್ಲಿ ಹಾರೆ ಊರಿ ನೋಡಿದರು. ಎಲ್ಲಿ ಊರಿದರೂ ಹಾರೆ ಕಿತ್ತ ತೂತಿನಲ್ಲಿ ಕೆಂಪು ನೀರು ಬುಳುಕ್ ಅಂತ ಮೇಲೆ ಬರುತ್ತಿತ್ತು. ಸುತ್ತಿ ಸುತ್ತಿ ಮೇಲ್ಮೂಲೆಗೆ ಬಂದರು. ಅಮ್ಮಚ್ಚಿಯ ಶಿಲುಬೆಯ ಪಕ್ಕ ನಿಂತು, ಆ ನಾಲ್ಕು ಕಲ್ಲುಗಳ ನಡುವೆ ಹಾರೆ ಊರಿದರು. ತೂತು ಒಣಗಿಯೇ ಇತ್ತು.

“ಅಪ್ಪಚ್ಚಾ, ಅಲ್ಲಿ ಬೇಡ,” ಅಂದೆ.

“ನೀರಿಲ್ಲದ್ದು ಇದೊಂದೇ.”

“ಅದು ನಿಮ್ಮದು.”

ಅವರು ನನ್ನ ಮುಖ ನೋಡಿದರು. “ಬೋರ್ಡ್ ಓದಿ ಹೇಳಿದವಳು ನೀನೇ ಅಲ್ವಾ?”

ನಾನು ಪಕ್ಕಕ್ಕೆ ಸರಿದೆ.

ಮೊದಲು ಮೇಲ್ಬದಿಗೆ ಒಂದು ಕಾಲುವೆ ತೆಗೆದರು, ಮಳೆನೀರು ಸುತ್ತಿಕೊಂಡು ಹೋಗಲಿ ಅಂತ. ನಾಲ್ಕು ಗಳ ನೆಟ್ಟು ಟಾರ್ಪಾಲು ಕಟ್ಟಿಸಿದರು. ನಾಲ್ಕು ಕಲ್ಲುಗಳನ್ನೂ ಎತ್ತಿ ಬೇಲಿಯಾಚೆ ಎಸೆದರು. ಆಮೇಲೆ ಇಳಿದು ಅಗೆಯತೊಡಗಿದರು. ಬಿನೋಯ್ ಕೂಲಿಯವರನ್ನು ಕಳಿಸಿದ. “ಮಣ್ಣು ಎಳೆಯೋಕೆ ಮಾತ್ರ ಇರ್ಲಿ,” ಅಂದರು. ಅಮ್ಮಚ್ಚಿ ಇದ್ದ ಬದಿಯ ಮಣ್ಣಿಗೆ ಹಾರೆ ಹಾಕಲೇ ಇಲ್ಲ. ಅಲ್ಲಿ ಕೈ ಕತ್ತಿಯಿಂದ ಸವರಿ ಸವರಿ ತೆಗೆದರು. ಗೋಡೆಗೆ ಗಾರೆ ಮಾಡಿದ ಹಾಗೆ ಆ ಬದಿ ನುಣ್ಣಗೆ ನಿಂತಿತು. ಒಮ್ಮೆ ಅಂಗೈಯನ್ನು ಅದರ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ಕೂಲಿಯವರು ಸುಸ್ತಾಗಿರಬೇಕು ಅಂದುಕೊಂಡು ನೀರು ಕೊಟ್ಟರು.

ಕೆಲಸ ಮುಗಿಯುವ ಹೊತ್ತಿಗೆ ಬಿನೋಯ್ ಹತ್ತಿರ ಬಂದು ಇಣುಕಿದ. “ಇಲ್ಲಿ ನೀರು ಬರಲ್ವಾ ಚೇಟ್ಟಾ? ಅಪ್ಪನಿಗೆ ನೀರಂದ್ರೆ ಹೆದರಿಕೆ.”

“ಬರಲ್ಲ. ನೋಡಿ ಇಟ್ಟಿದ್ದ ಜಾಗ.”

ಯಾರಿಗೆ ಅಂತ ಬಿನೋಯ್ ಕೇಳಲಿಲ್ಲ. ಪಕ್ಕದ ಶಿಲುಬೆಯ ಮೇಲಿನ ಹೆಸರು ಓದಿದನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ವಾಪಸು ದೋಣಿಯಲ್ಲಿ ಅಪ್ಪಚ್ಚನ್ ಅಂಚಿಗೆ ಕೂತು ಕೈ ತೊಳೆದರು. ಎಷ್ಟು ತೊಳೆದರೂ ಕೆಂಪು ಹೋಗುತ್ತಿರಲಿಲ್ಲ. ನಾಗಪ್ಪಣ್ಣ ಹುಟ್ಟು ಹಾಕುತ್ತಾ, “ನಿಮ್ ದೇವ್ರಿಗೆ ಈಗ ಎರಡು ದಡದಲ್ಲೂ ಮನೆ ಆಯ್ತು. ನನ್ ದೋಣಿಗೆ ಮಾತ್ರ ಜನ ಇಲ್ಲ ಮಾರಾಯ. ನೀವಾದ್ರೂ ದಾಟ್ತಾ ಇರಿ,” ಅಂದ.

“ಇನ್ನು ಕೆಲಸ ಇಲ್ಲ ಅಲ್ಲಿ,” ಅಂದರು ಅಪ್ಪಚ್ಚನ್.

ಆ ವರ್ಷ ಅಷ್ಟೇ. ಮುಂದಿನ ವರ್ಷ ನಾನು ಬಿ.ಎಡ್.ಗೆ ಶಿವಮೊಗ್ಗಕ್ಕೆ ಹೋದೆ, ಕೆಲಸ ಸಿಕ್ಕಿತು, ಜಯಪುರದಲ್ಲಿ ನೆಲೆಯಾದೆ. ಐದು ಗುಂಟೆಯ ಮನೆ ಎದ್ದಿತು. ನನ್ನ ಪ್ರಮಾಣಪತ್ರ ಅದರ ಗೋಡೆಯ ಮೇಲೆ ತೂಗಿತು. ಬಂದವರಿಗೆಲ್ಲ ಅಪ್ಪಚ್ಚನ್ ಅದನ್ನು ತೋರಿಸುತ್ತಿದ್ದರು, ತಲೆಕೆಳಗಾಗಿ ಇಟ್ಟರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹಿನ್ನೀರಿಗೆ ಸೇತುವೆಯೂ ಆಯಿತು. ಈಗ ಮಳೆಗಾಲದಲ್ಲೂ ಐದು ನಿಮಿಷಕ್ಕೆ ದಾಟಬಹುದು. ಚರ್ಚು ಮಾತ್ರ ಎರಡಾಗಿಯೇ ಇದೆ. ಹಾಲ್ ಇವತ್ತಿಗೂ ಅರೆಗೋಡೆಯಲ್ಲೇ ನಿಂತಿದೆ.

ಹೋದ ವರ್ಷ ಆಗಸ್ಟಿನಲ್ಲಿ ಅಪ್ಪಚ್ಚನ್ ಹೋದರು. ಅಮ್ಮಚ್ಚಿ ಇರುವ ಸ್ಮಶಾನದಲ್ಲಿ ಯಾವ ಮೂಲೆಯಾದರೂ ಸರಿ, ನೀರಿದ್ದರೂ ಸರಿ, ಒಂದು ಜಾಗ ಕೊಡಿ ಅಂತ ನಾನೇ ಹೋಗಿ ಕೇಳಿದೆ. ಈಗ ಬೇರೆ ಟ್ರಸ್ಟಿ, ಆ ಗಲಾಟೆ ಆದಾಗ ಚಡ್ಡಿ ಹಾಕುತ್ತಿದ್ದವನು. ಪುಸ್ತಕ ತೆಗೆದು ಗೆರೆ ಹೊಡೆದ ಹೆಸರು ತೋರಿಸಿದ. “ಬೇಜಾರು ಮಾಡ್ಕೋಬೇಡಿ ಮೇಡಂ, ಒಬ್ಬರಿಗೆ ಕೊಟ್ರೆ ಎಲ್ಲರಿಗೂ ಕೊಡಬೇಕಾಗತ್ತೆ,” ಅಂದ. ಬಿನೋಯ್ ಅಲ್ಲೇ ಬೆಂಚಿನ ಮೇಲಿದ್ದ, ತಲೆ ನರೆತಿತ್ತು. “ಕೊಡೋ,” ಅಂದ. “ನಾನು ಹೇಳ್ತಿದೀನಿ, ಕೊಡು.” ಅವನ ಮಾತು ಈಗ ನಡೆಯುವುದಿಲ್ಲ. ಹಾಗೆ ಬರೆಸಿಟ್ಟವನೂ ಅವನೇ.

ಆಚೆ ದಡದಲ್ಲಿ ಗುಂಡಿಯನ್ನು ಜೆಸಿಬಿ ತೋಡಿತು. ಹತ್ತು ನಿಮಿಷದ ಕೆಲಸ. ಬದಿ ಸೊಟ್ಟಗಿತ್ತು, ತಳದಲ್ಲಿ ನೀರು ನಿಂತಿತ್ತು. ಮೇಲೆ ಕಾಲುವೆ ತೆಗೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಬಕೆಟ್ಟಿನಲ್ಲಿ ಮೊಗೆದು ಹೊರಗೆ ಹಾಕುತ್ತಿದ್ದರು, ಅದು ಮತ್ತೆ ಬರುತ್ತಿತ್ತು. ಬಿನೋಯ್ ಸೇತುವೆ ದಾಟಿ ಬಂದಿದ್ದ. ಅಂಗಿ ಬಿಚ್ಚಿಟ್ಟು ಗುಂಡಿಗೆ ಇಳಿದು ನೀರು ಮೊಗೆದ. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ.

ನಮ್ಮಲ್ಲಿ ಪೆಟ್ಟಿಗೆ ಮುಚ್ಚುವ ಮುಂಚೆ ಮನೆಯವರು ಸತ್ತವರ ಮುಖದ ಮೇಲೆ ಒಂದು ಬಿಳಿ ಬಟ್ಟೆ ಹಾಕಬೇಕು. ಅಂಗಡಿಯಿಂದ ಹೊಸದು ತರಿಸಿದ್ದೆ. ಬೆಳಗ್ಗೆ ಅಪ್ಪಚ್ಚನ್‌ನ ಒಳ್ಳೆ ಅಂಗಿಗಾಗಿ ಅವರ ತಗಡಿನ ಪೆಟ್ಟಿಗೆ ತೆಗೆದಿದ್ದೆ. ತಳದಲ್ಲಿ ಐದು ಗುಂಟೆಯ ಪತ್ರ ಇತ್ತು. ಪತ್ರದ ಮಡಿಕೆಯೊಳಗೆ, ಒಗೆದು ಇಸ್ತ್ರಿ ಮಾಡಿದ ಹಾಗೆ ಒತ್ತಿ ಮಡಚಿದ, ಮೂರು ಬದಿ ಹರಿದ ಬಿಳಿ ಬಟ್ಟೆಯ ತುಂಡು. ಒಂದು ಬದಿಗೆ ಮಾತ್ರ ಕವಣಿಯ ಅಂಚಿನ ಗೆರೆ ಉಳಿದಿತ್ತು.

ಹೊಸದನ್ನು ಪಕ್ಕಕ್ಕಿಟ್ಟು ಅದನ್ನೇ ಹಾಕಿದೆ. ಹನ್ನೆರಡರಲ್ಲಿ ಒಂದು ಪಾಲು, ಎಷ್ಟು ಮುಚ್ಚೀತು? ಹಣೆ ಮುಚ್ಚಿತು, ಕಣ್ಣು ಮುಚ್ಚಿತು. ಬಾಯಿ, ಗಡ್ಡ ಹೊರಗೇ ಉಳಿದವು. ಎಳೆದು ಸರಿಮಾಡಲು ನೋಡಿದೆ, ಆಗಲಿಲ್ಲ. “ನೀರು ಏರ್ತಾ ಇದೆ, ಬೇಗ,” ಅಂತ ಗುಂಡಿಯೊಳಗಿಂದ ಬಿನೋಯ್ ಕೂಗಿದ. ಹಾಗೇ ಮುಚ್ಚಿದರು.